ಓದುಗರ ಪ್ರಶ್ನೆ: ಏಳು ಕಿಲೋ ಬ್ಯಾಟರಿ ಸಾಕೇ?

ವೇಗಕ್ಕೆಂದೇ ಸಜ್ಜಾದ ಕಾರುಗಳಿಗೆ ಹಗುರ ಬ್ಯಾಟರಿ ಕೂರಿಸುವ ಬಗ್ಗೆ ಬಂದ ಪ್ರಶ್ನೆಗಳನ್ನಷ್ಟೇ ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಕಾರಿನ ತೂಕ 1,150 ಕಿಲೋ. ಕಂಪನಿಯಿಂದ ಬಂದ 16 ಕಿಲೋ ಬ್ಯಾಟರಿ ತೆಗೆದು 7 ಕಿಲೋದ ಚಿಕ್ಕ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಪದರ ಹೀರಿಕೊಂಡಿರುವ, ನೀರು ಹಾಕಬೇಕಿಲ್ಲದ ಸೀಸದ ಬ್ಯಾಟರಿ) ಹಾಕಿದರೆ ಓಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆಯೇ?

ನೇರ ಓಟದಲ್ಲಿ ಗೊತ್ತಾಗುವುದಿಲ್ಲ. ನಿಮ್ಮನ್ನೂ ಸೇರಿಸಿ ಕಾರು 1,220 ಕಿಲೋ ಎಂದುಕೊಳ್ಳಿ. 9 ಕಿಲೋ ಇಳಿದರೆ ಉಳಿತಾಯ ಒಟ್ಟು ತೂಕದ ಮುಕ್ಕಾಲು ಶೇಕಡಾ ಮಾತ್ರ. ನಿಂತಲ್ಲಿಂದ 100 ಕಿ.ಮೀ. ವೇಗ ತಲುಪಲು 7 ಸೆಕೆಂಡ್ ಬೇಕಿದ್ದ ಕಾರಿಗೆ ಹೆಚ್ಚೆಂದರೆ 0.05 ಸೆಕೆಂಡ್ ಲಾಭ. ಗೇರ್ ಬದಲಿಸುವಾಗ ನಿಮ್ಮ ಕೈ ಒಮ್ಮೆ ತಡವರಿಸಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ತೂಕ ಎಷ್ಟು ಇಳಿಯಿತು ಎನ್ನುವುದಕ್ಕಿಂತ ಎಲ್ಲಿಂದ ಇಳಿಯಿತು ಎನ್ನುವುದು ಮುಖ್ಯ. ಬ್ಯಾಟರಿ ಮುಂದಿನ ಆಕ್ಸಲ್‌ಗಿಂತ 20 ಸೆಂ.ಮೀ. ಮುಂದಿದ್ದು, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ) 2.5 ಮೀಟರ್ ಇದ್ದರೆ, 9 ಕಿಲೋ ತೆಗೆದಾಗ ಮುಂದಿನ ಚಕ್ರಗಳ ಮೇಲಿಂದ ಸುಮಾರು 9.7 ಕಿಲೋ ಇಳಿದು ಹಿಂದಿನವುಗಳ ಮೇಲೆ 0.7 ಕಿಲೋ ಏರುತ್ತದೆ. ಮೂತಿ ಭಾರದ ಕಾರಿಗೆ ಇದು ಒಳ್ಳೆಯದೇ. ಪೋರ್ಷೆಯಂಥ ಕಂಪನಿಯೂ ಇದನ್ನು ಗಂಭೀರವಾಗಿ ತೆಗೆದುಕೊಂಡಿತ್ತು. 2010ರಲ್ಲಿ 911 ಜಿಟಿ3, ಜಿಟಿ3 ಆರ್‌ಎಸ್ ಮತ್ತು ಬಾಕ್ಸ್‌ಸ್ಟರ್ ಸ್ಪೈಡರ್‌ಗಳಿಗೆ ಅದು 6 ಕಿಲೋಗಿಂತ ಕಡಿಮೆ ತೂಗುವ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಕೊಡಲು ಶುರು ಮಾಡಿತು. 60 ಆಂಪ್ ಅವರ್‌ನ ಸೀಸದ ಬ್ಯಾಟರಿಗಿಂತ ಅದು 10 ಕಿಲೋ ಹಗುರ (ಆಂಪ್ ಅವರ್ ಎಂದರೆ ಬ್ಯಾಟರಿ ಹಿಡಿದಿಡುವ ಚಾರ್ಜಿನ ಅಳತೆ). ಆದರೆ ಕಾರಿನ ಜೊತೆ ಹಳೆಯ ನಮೂನೆಯ ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು, ಚಳಿಗಾಲದಲ್ಲಿ ಬದಲಿಸಿಕೊಳ್ಳಿ ಎಂದು!

ಒಂದು ಮಾತು: ಬ್ಯಾಟರಿಗೆ ಕೈ ಹಾಕುವ ಮೊದಲು ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕು, ಪಾನಾಗಳನ್ನು ಟ್ರ್ಯಾಕ್ ದಿನ ಕೆಳಗಿಳಿಸಿ. ಟ್ಯಾಂಕಿನಲ್ಲಿ 20 ಲೀಟರ್ ಪೆಟ್ರೋಲ್ ಕಡಿಮೆ ಇಟ್ಟುಕೊಂಡರೆ 15 ಕಿಲೋ ಇಳಿಯಿತು, ಖರ್ಚಿಲ್ಲದೆ.

ಪ್ರಶ್ನೆ: 45 ಆಂಪ್ ಅವರ್ ಇದ್ದ ಜಾಗದಲ್ಲಿ 16 ಆಂಪ್ ಅವರ್ ಬ್ಯಾಟರಿ ಎಂಜಿನ್ ಎತ್ತುತ್ತದೆಯೇ? ಪೆಟ್ಟಿಗೆಯ ಮೇಲೆ '680' ಎಂದಿದೆ, ಕೈಪಿಡಿಯಲ್ಲಿ ಸಿಸಿಎ 170 ಎಂದಿದೆ. ಯಾವುದನ್ನು ನಂಬಬೇಕು?

170 ಅನ್ನು ನಂಬಿ. ಸಿಸಿಎ ಎಂದರೆ ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡ್ ಕಾಲ 7.2 ವೋಲ್ಟ್‌ಗಿಂತ ಕೆಳಗಿಳಿಯದೆ ಬ್ಯಾಟರಿ ಕೊಡಬಲ್ಲ ಕರೆಂಟು. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಮೊದಲ ಐದು ಸೆಕೆಂಡಿನ ಜೋರಿನದು. ಸುಳ್ಳಲ್ಲ, ಆದರೆ ಇನ್ನೊಂದು ಬ್ಯಾಟರಿಯ ಸಿಸಿಎ ಪಕ್ಕದಲ್ಲಿಟ್ಟು ಹೋಲಿಸುವಂಥದ್ದೂ ಅಲ್ಲ.

ಎಂಜಿನ್ ಎತ್ತುವುದಕ್ಕೆ ದೊಡ್ಡ ಬ್ಯಾಟರಿ ಬೇಕು ಎನ್ನುವುದು ಅರ್ಧ ತಪ್ಪು ತಿಳಿವಳಿಕೆ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಸ್ಟಾರ್ಟರ್ 200 ಆಂಪ್‌ನಂತೆ ಎರಡು ಸೆಕೆಂಡ್ ಎಳೆದರೂ ಖರ್ಚಾಗುವುದು 0.11 ಆಂಪ್ ಅವರ್ ಮಾತ್ರ. 16ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿ ಬೇಕಾದದ್ದು ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವುದು. ತೆಳು ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿದ ಎಜಿಎಂನಲ್ಲಿ ಅದು ಕಡಿಮೆಯೇ. ಹದವಾದ ಹವೆಯಲ್ಲಿ, ಎರಡು ಲೀಟರ್ ಒಳಗಿನ ಪೆಟ್ರೋಲ್ ಎಂಜಿನ್ನಿಗೆ ಇದು ಸಾಕು. ಡೀಸೆಲ್ಲಿಗೂ, ಕಂಪ್ರೆಷನ್ ಹೆಚ್ಚಿಸಿದ ಎಂಜಿನ್ನಿಗೂ 28 ಆಂಪ್ ಅವರ್, 330 ಸಿಸಿಎ ದರ್ಜೆಯ, 12 ಕಿಲೋ ಆಸುಪಾಸಿನದ್ದನ್ನು ನೋಡಿ.

ಎಡವುವುದು ಕಾರು ನಿಂತಾಗ. ಇಗ್ನಿಷನ್ ಆಫ್ ಮಾಡಿದ ಮೇಲೂ ಗಡಿಯಾರ, ಅಲಾರಂ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೇರಿ 50 ಮಿಲಿಆಂಪ್ ಎಳೆಯುತ್ತಿದ್ದರೆ ದಿನಕ್ಕೆ 1.2 ಆಂಪ್ ಅವರ್ ಹೋಯಿತು. 16ರ ಅರ್ಧ ಖಾಲಿಯಾಗಲು ಒಂದು ವಾರವೂ ಬೇಡ. 45ರದ್ದಾಗಿದ್ದರೆ ಸುಮಾರು 19 ದಿನ ಬರುತ್ತಿತ್ತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಕಸುವು ಮರಳಿ ಬರುವುದಿಲ್ಲ.

ಹಾಗಾಗಿ ಬ್ಯಾಟರಿ ಕೊಳ್ಳುವ ಮೊದಲೇ ಈ ಸೋರಿಕೆ ಅಳೆಯಿರಿ. ಬಾನೆಟ್ ತೆರೆದಿರಲಿ, ಆದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಇಲ್ಲದಿದ್ದರೆ ಅಲಾರಂ ನಿದ್ದೆಗೆ ಹೋಗುವುದಿಲ್ಲ. ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ ತೂತಿನಲ್ಲಿ ಜೋಡಿಸಿ. ಮೊದಲು ಮುಳ್ಳು ಜಿಗಿಯುತ್ತದೆ, ಗಾಬರಿ ಬೇಡ, 30–40 ನಿಮಿಷ ಕಾದರೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆರೆಯಬೇಡಿ. ಮೀಟರ್ ಇರುವಾಗ ಸೆಲ್ಫ್ ಹೊಡೆದರಂತೂ ಮೀಟರಿನ ಫ್ಯೂಸ್ ಸುಡುತ್ತದೆ. 50 ಮಿಲಿಆಂಪ್ ಮೀರಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಆಂಪ್ಲಿಫೈಯರ್, ಟ್ರ್ಯಾಕರ್ ಅಥವಾ ಡ್ಯಾಶ್ ಕ್ಯಾಮೆರಾ. ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಜನರೇಟರ್) ದಪ್ಪ ವೈರ್ ಬಿಚ್ಚಿ ನೋಡಿ, ಅದರ ಡಯೋಡ್ ಸೋರುತ್ತಿರಬಹುದು.

ಪ್ರಶ್ನೆ: ಲಿಥಿಯಂ ಬ್ಯಾಟರಿ ಹಾಕಿ ಎರಡು ತಿಂಗಳಾಯಿತು. ಮೀಟರಿನಲ್ಲಿ 12.8 ವೋಲ್ಟ್ ತೋರಿಸುತ್ತದೆ, ಆದರೂ ಸೆಲ್ಫ್ ಹೊಡೆದರೆ ಒಮ್ಮೆ ಟಕ್ ಎಂದು ಎಲ್ಲ ಲೈಟು ಆರುತ್ತದೆ. ಬ್ಯಾಟರಿಯದೇ ದೋಷವೇ?

ಬ್ಯಾಟರಿ ಸರಿಯಿರಬಹುದು, ನೀವು ಸೀಸದ ಬ್ಯಾಟರಿಯ ಕಣ್ಣಿನಿಂದ ಮೀಟರ್ ಓದುತ್ತಿದ್ದೀರಿ. ಸೀಸದಲ್ಲಿ 12.7 ಎಂದರೆ ಹೊಟ್ಟೆ ತುಂಬಿದೆ. ಸ್ಟಾರ್ಟರ್ ಬ್ಯಾಟರಿಗೆ ಬಳಸುವ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ನಾಲ್ಕು ಸೆಲ್ ಸಾಲಾಗಿರುತ್ತವೆ, ತುಂಬಿದಾಗ ವಿಶ್ರಾಂತಿಯಲ್ಲಿ 13.3 ದಾಟಿರಬೇಕು. 12.8ಕ್ಕೆ ಬಂದಿದೆಯೆಂದರೆ ಐದರಲ್ಲೊಂದು ಪಾಲು ಉಳಿದಿದ್ದರೆ ಹೆಚ್ಚು. ಸ್ಟಾರ್ಟರ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿಯೊಳಗಿನ ಎಲೆಕ್ಟ್ರಾನಿಕ್ ಕಾವಲು) ಸರ್ಕ್ಯೂಟ್ ಕತ್ತರಿಸುತ್ತದೆ. ನೀವು ಕೇಳಿದ 'ಟಕ್' ಅದರದ್ದಿರಬಹುದು.

ಈಗ ಜಂಪರ್ ಕೇಬಲ್ ಹಾಕಿ ಎಂಜಿನ್ ಎತ್ತಿ 'ಓಡುತ್ತ ಓಡುತ್ತ ಚಾರ್ಜ್ ಆಗಲಿ' ಎಂದು ಬಿಡಬೇಡಿ. ಖಾಲಿ ಲಿಥಿಯಂ ಕೊಟ್ಟಷ್ಟೂ ಕರೆಂಟು ನುಂಗುತ್ತದೆ. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರಿನ ಫ್ಯಾನು ನಿಧಾನ, ಕರೆಂಟು ಮಾತ್ರ ಪೂರ್ತಿ, ಹಾಗಾಗಿ ಅದರೊಳಗಿನ ತಂತಿ ಸುರುಳಿ (ವೈಂಡಿಂಗ್) ಅತಿಯಾಗಿ ಬಿಸಿಯಾಗುತ್ತದೆ. ಬ್ಯಾಟರಿ ಇಳಿಸಿ, ಲಿಥಿಯಂಗೆ ಹೊಂದುವ ಚಾರ್ಜರ್‌ನಲ್ಲಿ 14.4ರಿಂದ 14.6 ವೋಲ್ಟ್‌ವರೆಗೆ ತುಂಬಿಸಿ. ಹಳೆಯ ಚಾರ್ಜರಿನಲ್ಲಿ ಸಲ್ಫೇಟ್ ಕರಗಿಸುವ ಮೋಡ್ ಇದ್ದರೆ ಅದನ್ನು ದೂರವಿಡಿ. ಅದು 15 ವೋಲ್ಟ್ ಮೀರಿದ ಹೊಡೆತ ಕೊಡುತ್ತದೆ.

ತುಂಬಿಸಿದ ಮೇಲೆ ಎಂಜಿನ್ ಓಡುವಾಗ ಟರ್ಮಿನಲ್ ನಡುವೆ ಅಳೆಯಿರಿ: ಹೆಡ್‌ಲೈಟ್ ಆಫ್ ಇದ್ದಾಗ ಒಮ್ಮೆ, ಹಾಕಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ. 14.6 ದಾಟಿದರೆ ಆ ಕಾರಿಗೆ ಈ ಬ್ಯಾಟರಿ ಬೇಡ. ಹೊಸ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಕುಳಿತಿರುತ್ತದೆ, ಆಲ್ಟರ್ನೇಟರಿನ ವೋಲ್ಟೇಜನ್ನು ಇಸಿಯು ಏರಿಸಿ ಇಳಿಸಿ ಆಡಿಸುತ್ತದೆ. ಅಲ್ಲಿ ಒಮ್ಮೆ ಅಳೆದು ನಿಶ್ಚಿಂತೆಯಾಗಿ ಇರುವಂತಿಲ್ಲ. ಅಂಥ ಕಾರಿಗೆ ಎಜಿಎಂ ಹಾಕಿ, ಹೊಸ ಬ್ಯಾಟರಿಯ ಆಂಪ್ ಅವರ್ ಅನ್ನು ಸ್ಕ್ಯಾನರಿನಿಂದ ಇಸಿಯುನಲ್ಲಿ ದಾಖಲು ಮಾಡಿಸಿಕೊಳ್ಳಿ.

14.6 ಮೀರುವುದು ಏಕೆ ಅಪಾಯ? ಸೆಲ್‌ಗಳು ಉಬ್ಬುವುದಷ್ಟೇ ಅಲ್ಲ. ಮೇಲ್ಮಿತಿ ದಾಟಿದಾಗಲೂ ಬಿಎಂಎಸ್ ಕತ್ತರಿಸುತ್ತದೆ, ಆಗ ಎಂಜಿನ್ ಓಡುತ್ತಿರುತ್ತದೆ, ಆಲ್ಟರ್ನೇಟರ್ ಕರೆಂಟು ತಳ್ಳುತ್ತಲೇ ಇರುತ್ತದೆ. ಕುಡಿಯುತ್ತಿದ್ದ ಬ್ಯಾಟರಿ ದಿಢೀರನೆ ಮಾಯ. ಆ ಕ್ಷಣ ವೋಲ್ಟೇಜ್ ಚಿಮ್ಮುತ್ತದೆ. ಈ ಚಿಮ್ಮುವಿಕೆಗೆ ತಡೆ ಇಲ್ಲದ 12 ವೋಲ್ಟ್ ವ್ಯವಸ್ಥೆಯ ಪರೀಕ್ಷೆಗೆ ಐಎಸ್‌ಒ 16750-2 ಮಾನದಂಡ ಇಟ್ಟುಕೊಂಡಿರುವ ಅಂಕಿಯೇ 79ರಿಂದ 101 ವೋಲ್ಟ್. ಇಸಿಯು ಸುಟ್ಟರೆ ಉಳಿಸಿದ ಹತ್ತು ಕಿಲೋ ಯಾರಿಗೆ ಬೇಕು?

ಚಳಿಯ ಬಗ್ಗೆಯೂ ಒಂದು ಮಾತು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್‌ಗಳನ್ನು ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಶಾಶ್ವತ ಹಾನಿಯಾಗುತ್ತದೆ. ತಣ್ಣಗಿರುವಾಗ ಸೆಲ್ಫ್ ಮೊದಲ ಸಲ ಸೋತರೆ ಮತ್ತೆ ಮತ್ತೆ ಹೊಡೆಯುವ ಬದಲು ಹೆಡ್‌ಲೈಟ್ ಒಂದೆರಡು ನಿಮಿಷ ಉರಿಸಿ. ಕರೆಂಟು ಹರಿದು ಸೆಲ್ ಒಳಗಿಂದಲೇ ಬೆಚ್ಚಗಾಗುತ್ತದೆ, ಎರಡನೆಯ ಸಲ ಎತ್ತುತ್ತದೆ. ಸೆಖೆಯೂ ಆಗದು: ಸಾಮಾನ್ಯವಾಗಿ 60 ಡಿಗ್ರಿ ಇದರ ಮಿತಿ, ಎಕ್ಸಾಸ್ಟ್ ಪಕ್ಕದ ಜಾಗ ಅದಕ್ಕೆ ಸಲ್ಲದು.

ಪ್ರಶ್ನೆ: ಚಿಕ್ಕ ಎಜಿಎಂ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, 16 ಚದರ ಮಿ.ಮೀ. ಕೇಬಲ್ ಎಳೆದಿದ್ದೇನೆ. ಎಂಜಿನ್ ಬಿಸಿಯಾದಾಗ ಸ್ಟಾರ್ಟರ್ ಮುಲುಗುತ್ತದೆ. ಬ್ಯಾಟರಿ ಬದಲಿಸಬೇಕೇ?

ಕೇಬಲ್ ಬದಲಿಸಿ. ಐದು ಮೀಟರ್ ತಾಮ್ರದಲ್ಲಿ 200 ಆಂಪ್ ಹರಿದಾಗ 16ರ ಕೇಬಲ್ ಒಂದು ವೋಲ್ಟ್‌ಗಿಂತ ಹೆಚ್ಚು ತಿನ್ನುತ್ತದೆ, 35ರದ್ದು ಅರ್ಧ ವೋಲ್ಟ್, 50ರದ್ದು ಒಂದು ವೋಲ್ಟಿನ ಮೂರನೆಯ ಒಂದು ಪಾಲು. ಚಿಕ್ಕ ಬ್ಯಾಟರಿ ಮೊದಲೇ ಹತ್ತು ವೋಲ್ಟ್ ಹತ್ತಿರ ಬಗ್ಗಿರುತ್ತದೆ, ದಾರಿಯಲ್ಲಿ ಇನ್ನೊಂದು ಹೋದರೆ ಬಿಸಿ ಸ್ಟಾರ್ಟರಿಗೆ ಉಳಿಯುವುದೇನು?

ಊಹೆ ಬೇಡ, ಅಳೆಯಿರಿ. ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ. ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿನ ಮೇಲೆ. ಒಬ್ಬರು ಸೆಲ್ಫ್ ಹೊಡೆಯಲಿ. 0.5 ವೋಲ್ಟ್ ಒಳಗಿರಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ, ಅದು 0.3 ಒಳಗೆ. ಹೆಚ್ಚಿನವರು ಪಾಸಿಟಿವ್ ದಪ್ಪ ಎಳೆದು ಅರ್ಥಿಂಗ್ ಮರೆಯುತ್ತಾರೆ. ಡಿಕ್ಕಿಯ ತಗಡಿನಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹದ ಮೇಲೆ ರಿಂಗ್ ಕೂರಿಸಿ, ಎಂಜಿನ್‌ನಿಂದ ಕಾರಿನ ಮೈಗೆ ಬರುವ ಅರ್ಥಿಂಗ್ ಪಟ್ಟಿಯನ್ನೂ ಅಷ್ಟೇ ದಪ್ಪ ಮಾಡಿ. ಆ ಪಟ್ಟಿ ಸಡಿಲವಿದ್ದರೆ ಕರೆಂಟು ಕ್ಲಚ್ ಕೇಬಲ್ ಹಿಡಿದು ವಾಪಸ್ ಹೋಗುತ್ತದೆ. ಕೇಬಲ್ಲಿನ ಒಳಪದರ ಕರಗಿ ಪೆಡಲ್ ಬಿಗಿಯಾದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ತಗಡು ತೂರುವ ಪ್ರತಿ ಕಡೆ ರಬ್ಬರ್ ಗ್ರಾಮೆಟ್ ಹಾಕಿ, ಬ್ಯಾಟರಿಯಿಂದ ಗೇಣಿನೊಳಗೆ 250–300 ಆಂಪ್ ಫ್ಯೂಸ್ ಇಡಿ. ಚಿಕ್ಕ ಬ್ಯಾಟರಿಯ ಎಂ6 ಬೋಲ್ಟಿಗೆ ಉದ್ದ ಪಾನಾ ಹಾಕಿ ಬಲಪ್ರಯೋಗ ಮಾಡಬೇಡಿ, ಒಳಗಿನ ಮೆದು ಲೋಹದ ತಿರುಪಿನ ಮರೆ (ಥ್ರೆಡ್) ಕಿತ್ತು ಬರುತ್ತದೆ. ಬ್ಯಾಟರಿಯನ್ನು ಬಿಗಿದು ಕೂರಿಸುವ ವಿಷಯದಲ್ಲಿ ಮಾತ್ರ ಬಲ ಇರಲಿ: ಗ್ರೂಪ್ ಎ (ಸ್ಪರ್ಧೆಗೆ ಸಜ್ಜಾದ ಟೂರಿಂಗ್ ಕಾರು) ವರ್ಗದಲ್ಲಿ ಬ್ಯಾಟರಿಯನ್ನು ಮೂಲ ಜಾಗದಿಂದ ಸರಿಸಿದರೆ ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮ ಕೇಳುವುದು ಲೋಹದ ತಟ್ಟೆ, ಇನ್ಸುಲೇಷನ್ ಹೊದಿಸಿದ ಎರಡು ಲೋಹದ ಪಟ್ಟಿ, 10 ಮಿ.ಮೀ. ಬೋಲ್ಟು, ತಗಡಿನ ಕೆಳಗೆ 3 ಮಿ.ಮೀ. ದಪ್ಪದ, 20 ಚದರ ಸೆಂ.ಮೀ. ಫಲಕ. ನೈಲಾನ್ ಟೈ ಕಟ್ಟಿದ ಏಳು ಕಿಲೋ ಪೆಟ್ಟಿಗೆ ಡಿಕ್ಕಿಯಿಂದ ಹಾರಿ ಬಂದರೆ ಅದು ಹಗುರ ಅನ್ನಿಸುವುದಿಲ್ಲ.

ಪ್ರಶ್ನೆ: ಕಿಲ್ ಸ್ವಿಚ್ (ತುರ್ತಿನಲ್ಲಿ ಕಾರಿನ ಕರೆಂಟು ಕಡಿಯುವ ಸ್ವಿಚ್) ತಿರುಗಿಸಿದರೂ ಎಂಜಿನ್ ಓಡುತ್ತಲೇ ಇದೆ.

ಆಲ್ಟರ್ನೇಟರ್ ಇಗ್ನಿಷನ್ನನ್ನು ಸಾಕುತ್ತಿದೆ. ಬ್ಯಾಟರಿಯನ್ನಷ್ಟೇ ಕತ್ತರಿಸುವ ಎರಡು ಬೋಲ್ಟಿನ ಸ್ವಿಚ್ ತೆಗೆದು, ಆರು ಕಡ್ಡಿಯದನ್ನು ಹಾಕಿ. ಒಂದು ಚಿಕ್ಕ ಜೋಡಿ ಇಗ್ನಿಷನ್ ವೈರನ್ನು ಕತ್ತರಿಸಲಿ, ಇನ್ನೊಂದು ಆಲ್ಟರ್ನೇಟರಿನ ಉಳಿಕೆ ಕರೆಂಟನ್ನು 3 ಓಮ್, 11 ವ್ಯಾಟ್ ರೆಸಿಸ್ಟರ್ ಮೂಲಕ ಅರ್ಥಿಂಗ್‌ಗೆ ಇಳಿಸಲಿ.

ಪ್ರಶ್ನೆ: ಜಾಗ ಸಾಲದು, ಬ್ಯಾಟರಿಯನ್ನು ಮಗ್ಗುಲಾಗಿ ಮಲಗಿಸಬಹುದೇ?

ಎಜಿಎಂ ಆದರೆ ಮಲಗಿಸಿ, ತಲೆಕೆಳಗು ಮಾಡಬೇಡಿ. ನೀರು ಹಾಕುವ ಬ್ಯಾಟರಿಯನ್ನು ಓರೆ ಕೂಡ ಮಾಡಬೇಡಿ. ಲಿಥಿಯಂ ಇದ್ದರೆ ಕಂಪನಿಯ ಹಾಳೆಯಲ್ಲಿ ಯಾವ ಮಗ್ಗುಲು ಎಂದು ಬರೆದಿರುತ್ತದೆ, ಅದನ್ನೇ ಪಾಲಿಸಿ.