ಸಹಿ ಹಾಕಿದವರನ್ನು ಮಾತಾಡಿಸಿ

ಮಾನ್ಯರೇ,

ಗದಗ ಸೀಮೆಯ ರೈತ ಕುಟುಂಬವೊಂದು ಪಾಲಾಗುವ ಕಥೆಯನ್ನು ಮೂರು ಅಂಕಗಳ ನಾಟಕ ಮಾಡಿ ಕಳುಹಿಸಿದ್ದೀರಿ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ಎರಡು ಸಾಲು ಗೀಚಿ ಹಿಂದಿರುಗಿಸಲೂ ಮನಸ್ಸಾಗಲಿಲ್ಲ. ಕಾರಣ ಎರಡನೇ ಅಂಕದಲ್ಲಿದೆ.

ಅಲ್ಲಿ ಹಿರಿಯ ಮಗ ಹೇಳುತ್ತಾನೆ: "ತಂಗಿಯರಿಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಿ ಹೋದರು." ಮರುಕ್ಷಣವೇ ಮಳೆಯ ಮಾತು ಎತ್ತುತ್ತಾನೆ. ನಿಮ್ಮ ನಾಟಕವಿರುವುದೇ ಆ ಒಂದು ಸಾಲಿನಲ್ಲಿ. ಅದನ್ನು ನೇಪಥ್ಯಕ್ಕೆ ತಳ್ಳಿ, ರಂಗದ ಮೇಲೆ ಸಾಹುಕಾರನಿಂದ ಮತ್ತೆ ಮತ್ತೆ ಮೀಸೆ ತಿರುವಿಸಿದ್ದೀರಿ.

ಕಥೆ ನಡೆಯುವುದು 1996ರಲ್ಲಿ. ಹಿರಿಯ ಮಗಳ ಮದುವೆ 1990ರಲ್ಲಿ, ಕಿರಿಯಳದು 1995ರಲ್ಲಿ ಆಯಿತೆಂದು ನೀವೇ ಬರೆದಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿತು. ಮೊದಲೇ ಮದುವೆಯಾಗಿ ಹೋದವರಿಗೆ ಆ ಸಮಪಾಲು ಇರಲಿಲ್ಲ. (ಮದುವೆಯಾದವರನ್ನೂ ಒಳಗೊಂಡ ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ, ನಿಮ್ಮ ಕಥೆಯ ಕಾಲ ಕಳೆದ ಮೇಲೆ.) ಒಡಹುಟ್ಟಿದ ಅಕ್ಕತಂಗಿಯರಲ್ಲಿ ಒಬ್ಬಳು ಅಣ್ಣಂದಿರಿಗೆ ಸಮ, ಇನ್ನೊಬ್ಬಳು ಅಲ್ಲ! ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅವರಿಬ್ಬರೂ ಕಚೇರಿಯ ಬೆಂಚಿನ ಮೇಲೆ ಕಾದು ಕೂತಾಗ ಏನು ಮಾತಾಡಿಕೊಂಡರು? ಅಣ್ಣ ತಂದ ಸೀರೆಯ ಪೊಟ್ಟಣ ಯಾರ ಮಡಿಲಲ್ಲಿತ್ತು? ಅಕ್ಕ ತಂಗಿಗೆ "ಬಿಟ್ಟುಕೊಡು, ತವರಾದರೂ ಉಳಿಯಲಿ" ಎನ್ನುತ್ತಾಳೆಯೇ, "ನೀನಾದರೂ ಬಿಡಬೇಡ" ಎನ್ನುತ್ತಾಳೆಯೇ? ಇದನ್ನು ಬರೆಯಿರಿ. ಇಡೀ ಅಂಕವೇ ಆದರೂ ಆಗಲಿ.

ತಾಯಿಯ ಪಾತ್ರ ಚೆನ್ನಾಗಿದೆ. "ಹೊಲ ಪಾಲಾಯಿತು, ಬಾವಿಯನ್ನು ಹೇಗೆ ಹಂಚಿಕೊಳ್ಳುತ್ತೀರಿ?" ಎಂಬ ಅವಳ ಪ್ರಶ್ನೆಗೆ ಮಕ್ಕಳು ತಡವರಿಸುವ ಜಾಗದಲ್ಲಿ ನೀವು ನಾಟಕಕಾರರೇ ಹೌದು. ಉಳಿದವರು "ರೈತ ದೇಶದ ಬೆನ್ನೆಲುಬು" ಎಂದು ಪ್ರೇಕ್ಷಕರತ್ತ ತಿರುಗಿ ಭಾಷಣ ಬಿಗಿಯುತ್ತಾರೆ. ಊಟಕ್ಕೆ ಕೂತ ರೈತ ಹೆಂಡತಿ ಮಕ್ಕಳೆದುರು ಹಾಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಹಿಂಗಾರಿ ಜೋಳವನ್ನು ಆಷಾಢದಲ್ಲಿ ಕೊಯ್ಯಿಸಿದ್ದೀರಿ. ಎರೆಹೊಲದ ಜೋಳ ಕೊಯ್ಲಿಗೆ ಬರುವುದು ಸಂಕ್ರಾಂತಿಯ ಆಚೀಚೆ. ಗದಗಿನ ಪ್ರೇಕ್ಷಕ ಅಲ್ಲಿಗೇ ಎದ್ದು ಚಹಾ ಕುಡಿಯಲು ಹೋದಾನು. ಜೀವಂತ ಎತ್ತುಗಳನ್ನು ರಂಗಕ್ಕೆ ಕರೆಸಿದ್ದೀರಿ. ಯಾವ ಹವ್ಯಾಸಿ ತಂಡಕ್ಕೆ ಅದು ಸಾಧ್ಯ? ಗೋಡೆಗೆ ಒರಗಿಸಿದ ಕೂರಿಗೆ, ಒಳಗಿನಿಂದ ಕೊರಳಗಂಟೆಯ ಸದ್ದು, ಇಷ್ಟು ಸಾಕು.

ಇನ್ನು ಕಿರಿಯ ಮಗ ವಿಷ ಕುಡಿಯುವ ಕೊನೆಯ ದೃಶ್ಯ. ಅವನು ಕುಡಿದದ್ದು ನಿಮಗೆ ಪರದೆ ಎಳೆಯುವ ಅವಸರವಿತ್ತೆಂದು, ಅವನ ಸಂಕಟದಿಂದಲ್ಲ. ತೆಗೆದುಬಿಡಿ. ಸಾಹುಕಾರನಿಗೂ ಒಂದು ದೃಶ್ಯ ಸಾಕು.

ಪೂರ್ತಿ ನಾಟಕವನ್ನು ಈಗಲೇ ತಿದ್ದಲು ಹೋಗಬೇಡಿ. ಕಚೇರಿಯ ಬೆಂಚಿನ ದೃಶ್ಯವೊಂದನ್ನೇ ಬರೆದು, ಇಬ್ಬರು ಹೆಂಗಸರಿಂದ ಗಟ್ಟಿಯಾಗಿ ಓದಿಸಿ, ಅವರ ನಾಲಿಗೆ ಎಡವಿದ ಮಾತುಗಳನ್ನು ಹೊಡೆದುಹಾಕಿ ಕಳುಹಿಸಿ. ಅದು ನಿಂತರೆ ಉಳಿದದ್ದನ್ನು ಮಾತಾಡೋಣ.

ಸಂಪಾದಕ