ಯಾವ ಶೋಗೆ ಹೋಗಲಿ?

ಪ್ರಶ್ನೆ: ಕಲಾತ್ಮಕ ಚಿತ್ರಗಳನ್ನೇ ತೋರಿಸುವ ಚಿಕ್ಕ ಚಿತ್ರಮಂದಿರವೊಂದರ ಮುಂದಿನ ತಿಂಗಳ ಪಟ್ಟಿ ನೋಡಿದೆ. ಒಂದು ಚಿತ್ರದ ಪಕ್ಕ ‘35 ಎಂಎಂ ಪ್ರಿಂಟ್’ (ಫಿಲ್ಮ್ ರೀಲಿನ ಪ್ರತಿ), ಇನ್ನೊಂದರ ಪಕ್ಕ ‘4ಕೆ ರಿಸ್ಟೋರೇಶನ್’ (ಹಳೆಯ ಚಿತ್ರವನ್ನು ಸರಿಪಡಿಸಿದ ಡಿಜಿಟಲ್ ಪ್ರತಿ) ಅಂತಿದೆ. ಮೂರನೆಯದು ಮೂಕಿ ಚಿತ್ರ, ಎದುರೇ ಪಿಯಾನೊ ನುಡಿಸುತ್ತಾರಂತೆ. ಬಿಡುವಿರುವುದು ಒಂದಕ್ಕೆ ಮಾತ್ರ.

ಉತ್ತರ: ಮೂಕಿ ಚಿತ್ರಕ್ಕೇ ಹೋಗಿ. ರಿಸ್ಟೋರೇಶನ್ ಇವತ್ತಲ್ಲ ನಾಳೆ ಇನ್ನೆಲ್ಲಾದರೂ ಸಿಗುತ್ತದೆ. ಆ ಪಿಯಾನೊ ಅವತ್ತಿಗೆ ಮುಗಿಯಿತು, ಅಲ್ವಾ?

ಟಿಕೆಟ್ ತೆಗೆದುಕೊಳ್ಳುವಾಗ ಒಂದು ಮಾತು ಕೇಳಿ: ಯಾವ ವೇಗದಲ್ಲಿ ಓಡಿಸುತ್ತೀರಿ? ಮಾತಿನ ಚಿತ್ರಕ್ಕೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಅಂತ ಗೊತ್ತಾದ ಲೆಕ್ಕ ಇದೆ. ಮೂಕಿ ಚಿತ್ರಕ್ಕೆ ಹಾಗಿರಲಿಲ್ಲ. ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದ ಕಾಲ ಅದು. ಒಂದು ಚಿತ್ರ 16 ಇದ್ದರೆ ಇನ್ನೊಂದು 20. 18ರಲ್ಲಿ ತೆಗೆದದ್ದನ್ನು ಸುಮ್ನೆ 24ರಲ್ಲಿ ಓಡಿಸಿದರೆ ಶವಯಾತ್ರೆಯೂ ಓಟದ ಪಂದ್ಯವಾಗುತ್ತದೆ. ಈ ಪ್ರಶ್ನೆಗೆ ತಡವರಿಸದೆ ಉತ್ತರಿಸುವ ಚಿತ್ರಮಂದಿರವನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಮನಸ್ಸು ಬದಲಾಗಿ 35 ಎಂಎಂಗೆ ಹೋದರೆ ತೆರೆಯ ಮೇಲಿನ ಬಲ ಮೂಲೆ ನೋಡುತ್ತಿರಿ. ಒಂದು ಚಿತ್ರಕ್ಕೆ ಹಲವು ರೀಲು, ಎರಡು ಪ್ರೊಜೆಕ್ಟರ್‌ಗಳಲ್ಲಿ ಸರದಿಯಂತೆ ಓಡಿಸುತ್ತಾರೆ. 2000 ಅಡಿಯ ರೀಲು ಹೆಚ್ಚೆಂದರೆ 22 ನಿಮಿಷ. ಮುಗಿಯುವ ಹೊತ್ತಿಗೆ ಅಲ್ಲೊಂದು ಸಣ್ಣ ಚುಕ್ಕಿ ಮಿಂಚುತ್ತದೆ, ಎರಡನೇ ಪ್ರೊಜೆಕ್ಟರ್ ಚಾಲೂ ಮಾಡು ಅಂತ. ಏಳೆಂಟು ಸೆಕೆಂಡಿಗೆ ಇನ್ನೊಂದು: ಈಗ ಬದಲಿಸು. ಒಮ್ಮೆ ಕಣ್ಣಿಗೆ ಬಿತ್ತೋ, ಆಮೇಲೆ ಕಥೆಗಿಂತ ಚುಕ್ಕಿಯನ್ನೇ ಕಾಯುತ್ತೀರಿ. ನನ್ನ ಪಾಡು ಅದೇ.

ಚಿತ್ರದ ನಂತರ ಚರ್ಚೆ ಇದ್ದರೆ ಬಾಗಿಲ ಹತ್ತಿರ ಕೂರಿ. ಪ್ರಶ್ನೆ ಅಂತ ಶುರುಮಾಡಿ ಭಾಷಣ ಹೊಡೆಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ.