ಒಂದೇ ಹಿಮೋಗ್ಲೋಬಿನ್, ಎರಡು ಬಗೆಯ ಹಾನಿ

ಪ್ರಶ್ನೆ: ಮಳೆಗಾಲದಲ್ಲಿ ನನ್ನ 19 ವರ್ಷದ ಮಗನಿಗೆ ವೈವಾಕ್ಸ್ ಮಲೇರಿಯಾ ಬಂತು. ಪ್ರಿಮಾಕ್ವಿನ್ ಮಾತ್ರೆ ಕೊಡುವ ಮೊದಲು ವೈದ್ಯರು ಜಿ6ಪಿಡಿ ಪರೀಕ್ಷೆ ಮಾಡಿಸಿದರು. ಆ ಕಿಣ್ವ ಬಹಳ ಕಡಿಮೆಯಿದೆ ಎಂದು ವರದಿ ಬಂದಿದೆ. ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಕೆಟ್ಟು ರಕ್ತಕಣಗಳು ಒಡೆಯುತ್ತವೆ ಎಂದರು. ಕೆಟ್ಟ ಪ್ರೋಟೀನನ್ನು ಜೀವಕೋಶವೇ ಒಡೆದು ಹಾಕುತ್ತದೆ ಎಂದು ಓದಿದ್ದೇನೆ. ಹಾಗಾದರೆ ಇವನ ರಕ್ತಕಣಗಳಿಗೆ ಅದು ಏಕೆ ಆಗುವುದಿಲ್ಲ? ಈ ಕೊರತೆ ತಂದೆಯಾದ ನನ್ನಿಂದ ಬಂದದ್ದೇ?
– ಓದುಗರು, ಬೋಳಾರ, ಮಂಗಳೂರು

ಉತ್ತರ: ಮಾತ್ರೆ ಬರೆಯುವ ಮೊದಲೇ ಈ ಪರೀಕ್ಷೆ ಆದದ್ದು ಬಹಳ ಒಳ್ಳೆಯದಾಯಿತು. ನೀವು ಕೇಳಿದ್ದಕ್ಕೆ ಕಾರಣ ಕೆಂಪು ರಕ್ತಕಣದ ಬಡತನದಲ್ಲಿದೆ. ಅದು ತಿಳಿಯಬೇಕಾದರೆ ಉಳಿದ ಜೀವಕೋಶಗಳು ಏನು ಮಾಡುತ್ತವೆ ಎಂಬುದನ್ನು ಮೊದಲು ನೋಡಬೇಕು.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಅದು ತನ್ನದೇ ಆದ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಮತ್ತು ನೀರಿಗೆ ಒಗ್ಗದ ಅಮೈನೊ ಆಮ್ಲಗಳು ಸಾಮಾನ್ಯವಾಗಿ ಆ ಮಡಿಕೆಯ ಒಳಗೆ ಅಡಗಿರುತ್ತವೆ. ನಾವು ಉಸಿರಾಡುವ ಆಮ್ಲಜನಕದಿಂದಲೇ ದೇಹದೊಳಗೆ ಹೈಡ್ರೋಜನ್ ಪೆರಾಕ್ಸೈಡಿನಂಥ ಉಗ್ರ ಅಣುಗಳು ಹುಟ್ಟುತ್ತವೆ. ಅವುಗಳ ಮೊದಲ ಏಟು ಬೀಳುವುದು ಗಂಧಕವುಳ್ಳ ಸಿಸ್ಟೀನ್ ಮತ್ತು ಮೆಥಿಯೊನಿನ್‌ಗಳ ಮೇಲೆ. ಈ ಹಂತದ ಹಾನಿಯನ್ನು ಬಹುಪಾಲು ಸರಿಪಡಿಸಬಹುದು. ಮೆಥಿಯೊನಿನ್‌ಗೆ ಅಂಟಿದ ಆಮ್ಲಜನಕವನ್ನು ತೆಗೆಯುವುದಕ್ಕೆಂದೇ ನಮ್ಮಲ್ಲಿ ಕಿಣ್ವಗಳಿವೆ. ಆದರೆ ಹಾನಿ ಮುಂದುವರಿದು ಲೈಸೀನ್, ಆರ್ಜಿನೀನ್, ಪ್ರೋಲೀನ್‌ಗಳಲ್ಲಿ ಕಾರ್ಬೊನಿಲ್ ಗುಂಪುಗಳು ಮೂಡಿದರೆ ಅದಕ್ಕೆ ದುರಸ್ತಿಯಿಲ್ಲ. ಇಡೀ ಸರಪಳಿಯನ್ನು ಕತ್ತರಿಸಿ, ಅಮೈನೊ ಆಮ್ಲಗಳನ್ನು ಮರಳಿ ಬಳಸುವುದೊಂದೇ ದಾರಿ.

ಕತ್ತರಿಸುವ ಮುಖ್ಯ ಯಂತ್ರದ ಹೆಸರು ಪ್ರೋಟಿಯಸೋಮ್. ಏಳೇಳು ಘಟಕಗಳಿಂದಾದ ನಾಲ್ಕು ಉಂಗುರಗಳು ಬಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಸೇರಿ ಒಂದು ಟೊಳ್ಳು ಕೊಳವೆಯಾಗುತ್ತದೆ. ಕತ್ತರಿಸುವ ಭಾಗಗಳೆಲ್ಲ ಕೊಳವೆಯ ಒಳಗೋಡೆಯಲ್ಲಿವೆ. ಬಾಯಿ ಬಹಳ ಕಿರಿದಾದ್ದರಿಂದ ಸರಿಯಾಗಿ ಮಡಚಿಕೊಂಡ ಪ್ರೋಟೀನ್ ಒಳಗೆ ಹೋಗಲಾರದು. ಮಡಿಕೆ ಬಿಚ್ಚಿದ ಸರಪಳಿ ಮಾತ್ರ ಹೋಗಬಲ್ಲದು. ಆರೋಗ್ಯವಂತ ಪ್ರೋಟೀನ್‌ಗಳ ನಡುವೆಯೇ ಇಂಥ ಹರಿತವಾದ ಯಂತ್ರವನ್ನು ಇಟ್ಟುಕೊಂಡು ಜೀವಕೋಶ ಬದುಕುವುದಕ್ಕೆ ಈ ರಚನೆಯೇ ಕಾರಣ, ಮತ್ತು ಇದು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುವಂಥದ್ದು.

ಈ ಕೊಳವೆಗೆ ಸರಕು ಬರುವ ದಾರಿಗಳು ಎರಡು. ಮೊದಲನೆಯದರಲ್ಲಿ, ಒಡೆಯಬೇಕಾದ ಪ್ರೋಟೀನಿಗೆ 76 ಅಮೈನೊ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಾಗಿ ಸಾಲುಸಾಲಾಗಿ ಅಂಟಿಸಲಾಗುತ್ತದೆ. ಕೊಳವೆಯ ತುದಿಯಲ್ಲಿ ಕುಳಿತಿರುವ ಇನ್ನೊಂದು ಘಟಕ ಆ ಗುರುತನ್ನು ಹಿಡಿದು, ಜೀವಕೋಶದ ಇಂಧನವಾದ ಎಟಿಪಿ ಎಂಬ ಅಣುವಿನ ಶಕ್ತಿ ಖರ್ಚು ಮಾಡಿ, ಮಡಿಕೆ ಬಿಚ್ಚಿ ಒಳಗೆ ದೂಡುತ್ತದೆ. ಇದನ್ನು ಕಂಡುಹಿಡಿದ ಆರನ್ ಚೆಹನೋವರ್, ಅವ್ರಾಮ್ ಹರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅವರ ಪ್ರಯೋಗಗಳು ನಡೆದದ್ದು ಮೊಲದ ಎಳೆಯ ಕೆಂಪು ರಕ್ತಕಣಗಳ ಸಾರದಲ್ಲಿ ಎಂಬುದು ನಿಮ್ಮ ಪ್ರಶ್ನೆಗೆ ಹತ್ತಿರದ ಸಂಗತಿ.

ಎರಡನೆಯ ದಾರಿ ಸರಳ. ಉತ್ಕರ್ಷಣೆಯಿಂದ, ಅಂದರೆ ಮೇಲೆ ಹೇಳಿದ ಉಗ್ರ ಅಣುಗಳ ಏಟಿನಿಂದ, ಹದವಾಗಿ ಕೆಟ್ಟ ಪ್ರೋಟೀನಿನ ಮಡಿಕೆ ತಾನಾಗಿಯೇ ಸಡಿಲಗೊಂಡು, ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಗೆ ಕಾಣತೊಡಗುತ್ತವೆ. ಅಂಥದ್ದನ್ನು ಬರಿಯ ಕೊಳವೆಯೇ, ಗುರುತೂ ಇಲ್ಲದೆ ಎಟಿಪಿಯೂ ಇಲ್ಲದೆ, ಒಳಗೆಳೆದು ಕತ್ತರಿಸಬಲ್ಲದು. ಅಂದರೆ ಇಲ್ಲಿ ಪತ್ತೆಯಾಗುವುದು ಬಹುಮಟ್ಟಿಗೆ ಕೆಟ್ಟುಹೋದ ಆಕಾರ. ಯಾವ ಪರಮಾಣುವಿಗೆ ಏನಾಯಿತು ಎಂಬುದನ್ನು ಈ ಯಂತ್ರ ಓದುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ, ಕೆಳಗಿನ ಎರಡನೆಯ ಪತ್ರಕ್ಕೂ ಇದೇ ಆಧಾರ. ಹಾನಿ ಮಿತಿಮೀರಿ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿದರೆ ಅದು ಕೊಳವೆಯ ಬಾಯಿಗೆ ಹಿಡಿಸುವುದಿಲ್ಲ. ಆಗ ಜೀವಕೋಶ ಆ ಮುದ್ದೆಯನ್ನು ಪೊರೆಯಿಂದ ಸುತ್ತಿ, ಆಮ್ಲೀಯ ಕಿಣ್ವಗಳ ಚೀಲವಾದ ಲೈಸೋಸೋಮಿಗೆ ಒಪ್ಪಿಸುತ್ತದೆ. ಆಟೊಫೇಜಿ ಎನ್ನುವ ಈ ಕ್ರಿಯೆಯ ಸಂಶೋಧನೆಗೆ ಯೊಶಿನೊರಿ ಒಸುಮಿ ಅವರು 2016ರಲ್ಲಿ ನೊಬೆಲ್ ಪಡೆದರು.

ಈಗ ನಿಮ್ಮ ಮಗನ ರಕ್ತಕಣಕ್ಕೆ ಬರೋಣ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಇಲ್ಲ, ಲೈಸೋಸೋಮ್ ಇಲ್ಲ. ಯುಬಿಕ್ವಿಟಿನ್ ದಾರಿಯೂ ಕಣ ಬಲಿಯುತ್ತಿದ್ದಂತೆ ಕ್ಷೀಣಿಸುತ್ತದೆ. ಹೊಸ ಪ್ರೋಟೀನ್ ಮಾಡಿಕೊಳ್ಳಲಾರದ ಈ ಕಣ ಸುಮಾರು 120 ದಿನ ಇದ್ದದ್ದರಲ್ಲಿಯೇ ಬಾಳಬೇಕು. ಬರಿಯ ಪ್ರೋಟಿಯಸೋಮ್ ಕೊಳವೆಗಳು ಮಾತ್ರ ಅದರಲ್ಲಿ ಉಳಿದಿರುತ್ತವೆ, ಹಾಗಾಗಿ ಸಣ್ಣಪುಟ್ಟ ಹಾನಿಯನ್ನು ಅದು ನಿಭಾಯಿಸುತ್ತದೆ. ಅದರ ನಿಜವಾದ ರಕ್ಷಣೆ ಇರುವುದು ಹಾನಿ ಆಗದಂತೆ ತಡೆಯುವುದರಲ್ಲಿ: ಗ್ಲುಟಾಥಯೋನ್ ಎಂಬ ಅಣು ಪೆರಾಕ್ಸೈಡನ್ನು ಶಮನ ಮಾಡುತ್ತದೆ, ಖರ್ಚಾದ ಗ್ಲುಟಾಥಯೋನನ್ನು ಮತ್ತೆ ಸಜ್ಜುಗೊಳಿಸಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು, ಅದನ್ನು ಒದಗಿಸುವ ದಾರಿಯ ಮೊದಲ ಕಿಣ್ವವೇ ಜಿ6ಪಿಡಿ. ಮೈಟೊಕಾಂಡ್ರಿಯಾ ಇಲ್ಲದ ರಕ್ತಕಣಕ್ಕೆ ಎನ್‌ಎಡಿಪಿಎಚ್ ಪಡೆಯಲು ಹೆಚ್ಚುಕಡಿಮೆ ಇದೊಂದೇ ದಾರಿ.

ಪ್ರಿಮಾಕ್ವಿನ್ ದೇಹದಲ್ಲಿ ಮಾರ್ಪಟ್ಟು ರಕ್ತಕಣದೊಳಗೆ ಪೆರಾಕ್ಸೈಡನ್ನು ಹೆಚ್ಚಿಸುತ್ತದೆ. ಕಿಣ್ವ ಸಾಕಷ್ಟಿದ್ದರೆ ತೊಂದರೆಯಿಲ್ಲ. ಕಡಿಮೆಯಿದ್ದರೆ ಹಿಮೋಗ್ಲೋಬಿನ್ ರಾಶಿರಾಶಿಯಾಗಿ ಕೆಡುತ್ತದೆ, ಕೊಳವೆಗಳ ಸಾಮರ್ಥ್ಯ ಮೀರುತ್ತದೆ, ಉಳಿದದ್ದು ಮುದ್ದೆಗಟ್ಟಿ ಕಣದ ಪೊರೆಗೆ ಅಂಟಿಕೊಳ್ಳುತ್ತದೆ. ಈ ಮುದ್ದೆಗಳಿಗೆ ಹೈಂಜ್ ಕಾಯಗಳು ಎಂದು ಹೆಸರು. ರಕ್ತಲೇಪಕ್ಕೆ ಎಂದಿನ ಬಣ್ಣ ಹಾಕಿ ನೋಡಿದರೆ ಇವು ಕಾಣುವುದಿಲ್ಲ. ತಾಜಾ ರಕ್ತಕ್ಕೆ ಮೀಥೈಲ್ ವಯೊಲೆಟ್‌ನಂಥ ಬಣ್ಣ ಬೆರೆಸಿದಾಗ ಕಣದ ಅಂಚಿಗೆ ಒತ್ತಿಕೊಂಡ ನೇರಳೆ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಇಂಥ ಕಣ ಗುಲ್ಮದ ಇಕ್ಕಟ್ಟಾದ ಸಂದುಗಳಲ್ಲಿ ಹಾಯುವಾಗ ಅಲ್ಲಿನ ಭಕ್ಷಕ ಕೋಶಗಳು ಮುದ್ದೆಯನ್ನು ಕಿತ್ತುಕೊಳ್ಳುತ್ತವೆ, ಇಲ್ಲವೇ ಇಡೀ ಕಣವನ್ನೇ ನುಂಗುತ್ತವೆ. ಕಿತ್ತುಕೊಂಡ ಮೇಲೆ ಉಳಿದ ಕಣದ ಅಂಚಿನಲ್ಲಿ ಕಚ್ಚಿ ತೆಗೆದಂಥ ಗುರುತು ಇರುತ್ತದೆ. ಹೀಗೆ ಕಣ ತಾನು ಮಾಡಲಾಗದ ಕೆಲಸವನ್ನು ಭಕ್ಷಕ ಕೋಶದ ಲೈಸೋಸೋಮ್ ಮಾಡಿ ಮುಗಿಸುತ್ತದೆ. ಆರೋಗ್ಯವಂತರಲ್ಲಿಯೂ ಮುದಿ ಕಣಗಳಿಂದ ದಿನಕ್ಕೆ ಸುಮಾರು 6 ಗ್ರಾಂ ಹಿಮೋಗ್ಲೋಬಿನ್ ಇದೇ ರೀತಿ ಒಡೆದು, ಕಬ್ಬಿಣ ಮರಳಿ ಅಸ್ಥಿಮಜ್ಜೆಗೆ ಸೇರುತ್ತದೆ. ಕಣಗಳು ಒಮ್ಮೆಗೇ ಒಡೆದರೆ ಮಾತ್ರ ರಕ್ತಹೀನತೆ, ಕಾಮಾಲೆ, ಕಡುಗಂದು ಬಣ್ಣದ ಮೂತ್ರ ಕಾಣಿಸಿಕೊಳ್ಳುತ್ತವೆ.

ವೈವಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿದ್ದು ಮತ್ತೆ ಏಳಬಹುದಾದ್ದರಿಂದ ಮಾತ್ರೆಯೇ ಬೇಡವೆಂದು ನೀವೇ ನಿರ್ಧರಿಸಬೇಡಿ. ಇಂಥವರಿಗೆ ವಾರಕ್ಕೊಮ್ಮೆಯಂತೆ 8 ವಾರ, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಕ್ರಮವಿದೆ. ಕೊಡುವುದೋ ಬಿಡುವುದೋ ಎಂಬುದನ್ನು ವೈದ್ಯರು ಹೇಳಬೇಕು. ವರದಿಯನ್ನು ಮಗನ ಬಳಿ ಸದಾ ಇರಿಸಿ. ಡ್ಯಾಪ್ಸೋನ್‌ನಂಥ ಇನ್ನೂ ಕೆಲವು ಔಷಧಗಳಿಂದ ಅವನಿಗೆ ಅಪಾಯವಿದೆ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ನುಸಿಗುಳಿಗೆಯೂ ನಿಮ್ಮ ಮನೆಯಲ್ಲಿ ಬೇಡ.

ಈ ಕೊರತೆ ನಿಮ್ಮಿಂದ ಬಂದದ್ದಲ್ಲ. ಜಿ6ಪಿಡಿ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮಗುವಿಗೆ ಅದು ಸಿಗುವುದು ತಾಯಿಯಿಂದ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ ಎಂಬುದನ್ನು ಮನೆಯಲ್ಲಿ ಸ್ಪಷ್ಟವಾಗಿ ಹೇಳಿ. ಅವನ ಅಣ್ಣತಮ್ಮಂದಿರು, ಸೋದರಮಾವಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ತಾಯಿಯ ಕಡೆಯ ನಂಟು ಹಿಡಿದು ಲೆಕ್ಕ ಹಾಕುವುದು ತುಳುನಾಡಿನ ಅನೇಕ ಕುಟುಂಬಗಳಿಗೆ ಹೊಸದೇನಲ್ಲ.

ಪ್ರಶ್ನೆ: ನನ್ನ ಅಮ್ಮನ ಎಚ್‌ಬಿಎ1ಸಿ 8.4 ಬಂದಿದೆ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಮೂರು ತಿಂಗಳು ಹಾಗೆಯೇ ಇರುತ್ತದೆಯಂತೆ. ದೇಹ ಅದನ್ನು ಒಡೆಯುವುದಿಲ್ಲವೇ? ರಕ್ತ ಶುದ್ಧಿ ಮಾಡುತ್ತದೆಂದು ಮಾರುವ ಪುಡಿ ಕೊಡಬಹುದೇ?
– ಓದುಗರು, ಕಾಪು, ಉಡುಪಿ ಜಿಲ್ಲೆ

ಉತ್ತರ: ಮೇಲಿನ ಪತ್ರದಲ್ಲಿ ಹೇಳಿದ ಅದೇ ಹಿಮೋಗ್ಲೋಬಿನ್, ಅದೇ ರಕ್ತಕಣ; ಹಾನಿಯ ಬಗೆ ಮಾತ್ರ ಬೇರೆ. ಇಲ್ಲಿ ಗ್ಲುಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯ ವ್ಯಾಲೀನ್‌ಗೆ ಅಂಟುತ್ತದೆ. ಮೊದಲು ಬಿಟ್ಟುಹೋಗಬಹುದಾದಂತೆ, ಆಮೇಲೆ ಬಿಡದಂತೆ. ಆದರೂ ಮಡಿಕೆ ಬಿಚ್ಚುವುದಿಲ್ಲ, ಹಿಮೋಗ್ಲೋಬಿನ್ ಆಮ್ಲಜನಕ ಹೊರುತ್ತಲೇ ಇರುತ್ತದೆ. ಆಕಾರ ನೆಟ್ಟಗಿರುವುದರಿಂದ ಕೊಳವೆಗೆ ಅದು ಹಾಳಾದದ್ದೆಂದು ತೋರುವುದೇ ಇಲ್ಲ, ಕಣ ಸಾಯುವವರೆಗೂ ಅದು ಉಳಿಯುತ್ತದೆ. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳಬಲ್ಲದ್ದು ಇದರಿಂದಲೇ.

ಪುಡಿಗೆ ಹಣ ಕೊಡಬೇಡಿ. ಅಂಟಿದ ಸಕ್ಕರೆಯನ್ನು ತೊಳೆದು ಹಾಕುವ ಪುಡಿ ಯಾವುದೂ ಇಲ್ಲ. ಅಮ್ಮನ ಊಟ, ನಡಿಗೆ, ಮಾತ್ರೆಗಳಿಂದ ಸಕ್ಕರೆ ಹತೋಟಿಗೆ ಬಂದರೆ, ಹೊಸದಾಗಿ ಹುಟ್ಟುವ ಕಣಗಳಲ್ಲಿ ಅಂಟುವುದು ಕಡಿಮೆಯಾಗಿ ಅಂಕಿ ತಾನಾಗಿ ಇಳಿಯುತ್ತದೆ. ರಕ್ತಕ್ಕಿಂತ ನನಗೆ ಹೆಚ್ಚು ಚಿಂತೆಯಿರುವುದು ಕಣ್ಣಿನ ಮಸೂರದ ಬಗ್ಗೆ. ಅದರ ನಡುಭಾಗದ ಪ್ರೋಟೀನ್‌ಗಳು ಹುಟ್ಟಿದಾಗಿನಿಂದ ಬದಲಾಗುವುದೇ ಇಲ್ಲ, ಅಲ್ಲಿ ಸೇರಿದ ಹಾನಿ ಅಲ್ಲಿಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ.

ಕೊನೆಯದಾಗಿ, ಮಧುಮೇಹದ ಜೊತೆ ಜಿ6ಪಿಡಿ ಕೊರತೆಯೂ ಇರುವವರಲ್ಲಿ ರಕ್ತಕಣಗಳ ಆಯುಸ್ಸು ಕಡಿಮೆಯಿರಬಹುದು. ಸಕ್ಕರೆ ಅಂಟಲು ಸಮಯ ಸಿಗದೆ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆಗೂ ಈ ಅಂಕಿಗೂ ತಾಳೆಯಾಗದಿದ್ದರೆ ವೈದ್ಯರಿಗೆ ಹೇಳಿ. ಹಿಂದಿನ ಎರಡು ಮೂರು ವಾರಗಳ ಸ್ಥಿತಿಯನ್ನು ತಿಳಿಸುವ ಫ್ರಕ್ಟೋಸಮೀನ್ ಪರೀಕ್ಷೆಯನ್ನು ಅವರು ಮಾಡಿಸಬಹುದು.